ಸಂಡಿಗೆಯ ಬಿಸಿಲು

ರಮಾಳ ನೆತ್ತಿಗೆ ಹರಳೆಣ್ಣೆ ತಟ್ಟಿ, ವೇದವತಿ ಬಚ್ಚಲಿನ ನಲ್ಲಿ ತಿರುಗಿಸಿದಳು. ಕೈಯೊಡ್ಡಿ ಎಷ್ಟು ಕಾದರೂ ನೀರು ತಣ್ಣಗೇ ಸುರಿಯಿತು.

"ರೀ, ಬಿಸಿನೀರೇ ಬರ್ತಿಲ್ಲ!"

ದ್ವಾರಕಾನಾಥ ಕಾಫಿ ಲೋಟ ಹಾಗೇ ಬಿಟ್ಟು ಹಿತ್ತಲಿಗೆ ಓಡಿದ. ಬೇಲಿಯ ಪಕ್ಕ ಓರೆಯಾಗಿ ನಿಂತಿದ್ದ, ಬಿಸಿಲಿನಲ್ಲಿ ನೀರು ಕಾಯಿಸುವ ಗಾಜಿನ ಪೆಟ್ಟಿಗೆ ಅವನ ಕಂಪನಿಯದು. ಮನೆಯಲ್ಲೇ ಪರೀಕ್ಷಿಸಬೇಕೆಂದು ತಂದು, ಹಳೆಯ ಗ್ಯಾಸ್ ಹೀಟರನ್ನು ತಾನೇ ನಿಲ್ಲಿಸಿದ್ದ. ಸೋಮವಾರದ ಮೀಟಿಂಗಿನಲ್ಲಿ ಅವನು ಚೆನ್ನಾಗಿದೆ ಎಂದರೆ ಅವರು ಬಂದು ನೆಲೆಸಿದ್ದ ಪರದೇಶದ ಊರು ಪ್ಲೆಸೆಂಟನ್ನಿನ ಹೊಸ ಬಡಾವಣೆಯ ಮನೆಗಳಿಗೆಲ್ಲ ಇದೇ ಬರುವುದಿತ್ತು. ಇಲ್ಲವೆಂದರೆ ಅವನು ಇಷ್ಟು ದಿನ ಹಿಡಿದು ಕೂತ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಟವೆಲು ಹೊದ್ದ ರಮಾ ಎಣ್ಣೆ ತಲೆಯಲ್ಲೇ ಅಮ್ಮನ ಹಿಂದೆ ಬಂದಳು. ಅಪ್ಪ ಪಂಪಿಗೆ ಕಿವಿಯಿಟ್ಟ. ಪೈಪುಗಳನ್ನು ತಡವಿದ.

"ಪಂಪು ಓಡ್ತಿದೆ, ಲೀಕಿಲ್ಲ. ನಿನ್ನೆ ಮೋಡ ಕೂಡ ಇರಲಿಲ್ಲ" ಎಂದ. "ಬಿಸಿಲನ್ನ ನಂಬ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರೇನಯ್ಯ, ಮಂಜು ಬಿದ್ದ ದಿನ ಏನ್ಮಾಡ್ತೀಯ ಅಂತ ಮ್ಯಾನೇಜರು ನಕ್ಕಿದ್ದ. ನಾನೇ ವಾದ ಮಾಡ್ದೆ. ಎಪ್ಪತ್ತೊಂಬತ್ತರಲ್ಲಿ ಪೆಟ್ರೋಲಿಗೆ ಕ್ಯೂ ನಿಂತಿದ್ದು ಮರೆತ್ರಾ? ಬಿಸಿಲಿಗೆ ಹೊಗೆಯಿಲ್ಲ, ಕ್ಯೂ ಇಲ್ಲ, ಬೆಳಗಾದ್ರೆ ಬಾಗಿಲಿಗೇ ಬರುತ್ತೆ ಅಂದೆ. ಈಗ ನೋಡು."

ನಿನ್ನೆ ಎಂದ ಕೂಡಲೇ ವೇದವತಿ ಗಾಜಿನತ್ತ ತಿರುಗಿದಳು. ನಿನ್ನೆ ಅವನು ಆಫೀಸಿಗೆ ಹೊರಟ ಮೇಲೆ ಇದೇ ಗಾಜಿನ ಮೇಲೆ ಹಳೆಯ ಬಿಳಿ ಸೀರೆ ಹಾಸಿ, ಉದ್ದಕ್ಕೂ ಅಕ್ಕಿ ಸಂಡಿಗೆ ಇಟ್ಟಿದ್ದಳು. ಹುಲ್ಲಿನ ಮೇಲೆ ಇಟ್ಟರೆ ಅಳಿಲುಗಳ ಕಾಟ. ಗಾಜೋ, ಶುಭ್ರವಾಗಿ ಸೂರ್ಯನಿಗೇ ಮುಖ ಮಾಡಿ ನಿಂತಿತ್ತು. ಶಾಲೆಯಿಂದ ಬಂದ ರಮಾ ಜೊತೆಗೆ ಕೂತು ಒಂದೊಂದೇ ಬಿಡಿಸಿ ಡಬ್ಬಿಗೆ ತುಂಬಿದ್ದಳು. ಗಾಜು ಹುಷಾರು ಎಂದಷ್ಟೇ ಅವನು ಹೇಳಿದ್ದು, ಅದಕ್ಕೊಂದು ಗೀರೂ ಬಿದ್ದಿರಲಿಲ್ಲ. ಆದರೆ ದಿನವಿಡೀ ಅದರ ಬಿಸಿಲಿಗೆ ತಾನೇ ಅಡ್ಡ ಹಾಕಿದ್ದೆ ಎಂದು ಈಗ ಹೊಳೆಯಿತು.

"ರೀ, ಒಂದು ಮಾತು..."

"ಇರು ಮಾರಾಯ್ತಿ, ಮೊದಲೇ ತಲೆ ಕೆಟ್ಟಿದೆ. ಬಿಚ್ಚಿ ವಾಪಸ್ ಕಳಿಸ್ತೀನಿ. ಹಳೇ ಗ್ಯಾಸೇ ಇರ್ಲಿ." ಅವನು ಸ್ಪ್ಯಾನರು ಎತ್ತಿಕೊಂಡ.

"ಅಪ್ಪಾ, ಒಂದು ಕ್ವೆಶ್ಚನ್ನು..." ರಮಾ ಅವನ ತೋಳು ಹಿಡಿದಳು.

"ಆಮೇಲೆ, ಪುಟ್ಟಿ."

ಬೇಲಿಯಾಚೆಯಿಂದ ಸೂರ್ಯ ಮೇಲೆ ಬಂದಿದ್ದ. ರಮಾ ಗಾಜಿನ ಮೇಲೆ ಅಂಗೈಯಿಟ್ಟಳು. ಆಗಲೇ ಬೆಚ್ಚಗಾಗಿತ್ತು. ಮೂಲೆಯಲ್ಲಿ, ಚೌಕಟ್ಟಿನ ಸಂದಿಯಲ್ಲಿ, ಉಗುರಿನಷ್ಟು ಸಂಡಿಗೆ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಕರಂ ಎಂದಿತು.

ಸ್ಪ್ಯಾನರು ಹಿಡಿದ ಕೈ ತಡೆಯಿತು. ದ್ವಾರಕಾನಾಥ ಮಗಳ ಬಾಯಿ ನೋಡಿದ, ಗಾಜು ನೋಡಿದ, ಆಮೇಲೆ ಹೆಂಡತಿಯನ್ನು. ವೇದವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ರಮಾ ಚೂರು ನುಂಗಿ, ಇಬ್ಬರ ಮುಖವನ್ನೂ ನೋಡಿ, ಕೊನೆಗೂ ಕೇಳಿದಳು:

"ಅಪ್ಪಾ, ಸನ್ನು ಇಷ್ಟು ದೊಡ್ಡದಿದೆ ಅಲ್ವಾ? ಸಂಡಿಗೆಗೆ ಒಂದು ಜಾಗ, ಸ್ನಾನಕ್ಕೆ ಒಂದು ಜಾಗ ಮಾಡಕ್ಕಾಗಲ್ವಾ?"