ಸಾಲು ತಪ್ಪಿದವನು

ಒಂದು ಸಾಲು ಡೊಂಕಾದರೆ ಏನೇನು ಹೋಗುತ್ತದೆ ಎಂಬ ಲೆಕ್ಕ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಪಕ್ಕದ ಸಾಲೂ ಕೆಡುತ್ತದೆ. ಬೀಜ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು. ಕಳೆ ತೆಗೆಯುವ ಯಂತ್ರ ಕಳೆ ಬಿಟ್ಟು ಗಿಡದ ಬುಡಕ್ಕೇ ಬಾಯಿ ಹಾಕುತ್ತದೆ. ಡೀಸೆಲ್ ದಂಡ, ದುಡಿದ ದಿನ ದಂಡ. ಈಗ ಅವಳ ಕಣ್ಣೆದುರಿನ ಹೊಲದಲ್ಲಿ ಒಂದಲ್ಲ, ಎಲ್ಲ ಸಾಲುಗಳೂ ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಬಾಗಿದ್ದವು.

“ನಿಲ್ಲಿಸೋ!”

ತಮ್ಮ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ. ಅದೇ ಹೊಲವನ್ನು ಮೂರನೇ ಸಲ ಉಳುತ್ತಿದ್ದ. ಹಿಂತಿರುಗಿ ಬಹಳ ಹೊತ್ತು ನೋಡಿದ.

“ನೇರವಾಗೇ ಇದೆಯಲ್ಲಕ್ಕ.”

“ನನ್ನ ಮುಖ ನೋಡಿ ಹೇಳು.”

ಅವನು ಮುಖ ನೋಡಲಿಲ್ಲ. ಮತ್ತೆ ಹತ್ತಿ ಕೂತು ಎಂಜಿನ್ ಚಾಲೂ ಮಾಡಿದ.

ಆ ಮನೆಯಲ್ಲಿ ಉಳುಮೆಯ ಕ್ರಮ ಒಂದೇ. ಉತ್ತ ಮೇಲೆ ಅಕ್ಕ ಹೊಲದ ತುದಿಗೆ ಬಂದು ನಿಂತು ನೋಡಬೇಕು. ಅವಳು ‘ಹೂಂ’ ಎಂದರೆ ಬಿತ್ತನೆ, ಇಲ್ಲವಾದರೆ ಮತ್ತೆ ಉಳುಮೆ. ಅವಳು ಲಂಗ ಹಾಕುತ್ತಿದ್ದ ಕಾಲದಲ್ಲೇ ಅಪ್ಪ ಅಳತೆಯ ದಾರವನ್ನು ಸುತ್ತಿ ಅಟ್ಟಕ್ಕೆಸೆದಿದ್ದ. ಮಗಳ ಕಣ್ಣಿಗಿಂತ ದೊಡ್ಡ ದಾರ ಬೇಕೇ, ಎಂದು. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಉಳಿದವರು ಇವರಿಬ್ಬರೇ. ಇಬ್ಬರಿಗೂ ಮದುವೆ ಕೂಡಿ ಬರಲಿಲ್ಲ. ಹತ್ತಿರದ ಮನೆ ಎಂದರೆ ಅರ್ಧ ಗಂಟೆಯ ನಡಿಗೆ.

ಕಳೆದ ಬೆಳೆಯಲ್ಲೂ ಇದೇ ಕತೆ. ಬೈದು ಬೈದು ಸಾಕಾಗಿ, ಡೊಂಕು ಸಾಲಿನಲ್ಲೇ ಬಿತ್ತಲು ಬಿಟ್ಟಿದ್ದಳು. ಕಳೆ ಯಂತ್ರ ಒಂದು ಗಿಡವನ್ನೂ ಮುಟ್ಟಲಿಲ್ಲ. ಅದೃಷ್ಟ, ಅಂದುಕೊಂಡಳು. ಈಗೀಗ ಯಾರ ಕೈಯಲ್ಲೂ ನೆಟ್ಟಗಿನ ಕೆಲಸವಿಲ್ಲ ಎಂಬುದು ಅವಳ ಕೊರಗು. ಹೊಸ ಬಾಗಿಲ ಚೌಕಟ್ಟು ಕೂರಿಸಿದ ಬಡಗಿಗೂ ಮುಖದ ನೀರಿಳಿಸಿ ಕಳಿಸಿದ್ದಳು. ಅವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಆದರೆ ಬಡಗಿ ಹೊರಗಿನವನು. ತಮ್ಮನ ತಲೆ ಕೆಟ್ಟರೆ ಅವಳಿಗೆ ಇನ್ನಾರು?

ಅವಳು ಪೇಟೆಗೆ ಹೋಗಿ ಡಾಕ್ಟರ ಮುಂದೆ ಕೂತಳು.

“ಊಟ, ನಿದ್ದೆ?”

“ಎರಡಕ್ಕೂ ಮೋಸ ಇಲ್ಲ.”

“ಮಾತುಕತೆ?”

“ಮೊದಲೇ ಕಮ್ಮಿ. ಈಗ ಅದೂ ಇಲ್ಲ.”

“ಮತ್ತೇನಮ್ಮಾ ತೊಂದರೆ?”

“ಡೊಂಕಾಗಿ ಉಳ್ತಾನೆ. ಡೊಂಕು ಅಂದ್ರೆ ನೇರ ಅಂತಾನೆ.”

ಡಾಕ್ಟರಿಗೆ ನಗು ಬಂತು. “ಲ್ಯಾಟಿನ್ ಅಂತ ಹಳೇ ಭಾಷೆ ಇದೆ. ಅದರಲ್ಲಿ ಹುಚ್ಚು ಹಿಡಿಯೋದಕ್ಕೆ ‘ದೇಲಿರಾರೆ’ ಅಂತಾರೆ. ‘ಲೀರಾ’ ಅಂದ್ರೆ ಉಳುಮೆಯ ಸಾಲು, ‘ದೇ’ ಅಂದ್ರೆ ಅದರಿಂದಾಚೆ. ನೇಗಿಲು ಸಾಲು ಬಿಟ್ಟು ಹೋದ ಹಾಗೆ ಬುದ್ಧಿ ದಾರಿ ಬಿಡೋದು. ಜ್ವರ ತಲೆಗೇರಿ ಬಡಬಡಿಸ್ತಾರಲ್ಲ, ಅದಕ್ಕೆ ನಾವು ಡಾಕ್ಟರುಗಳು ಹೇಳೋ ‘ಡೆಲಿರಿಯಂ’ ಅನ್ನೋ ಹೆಸರೂ ಅಲ್ಲಿಂದಲೇ ಬಂದಿದ್ದು.”

“ನೋಡಿದ್ರಾ! ಆಗಿನವರಿಗೂ ಗೊತ್ತಿತ್ತು.”

“ಅಯ್ಯೋ, ನಾನು ಪದದ ಕತೆ ಹೇಳಿದೆ ಅಷ್ಟೆ, ರೋಗ ಹೇಳಲಿಲ್ಲ. ಭಾನುವಾರ ಬಂದು ನೋಡ್ತೀನಿ.”

ಮಾತಿನ ಮೊದಲರ್ಧವನ್ನಷ್ಟೇ ಅಕ್ಕ ಸೆರಗಿಗೆ ಕಟ್ಟಿಕೊಂಡು ಬಂದಳು. ಊಟಕ್ಕೆ ಕೂತಾಗ ಬಿಚ್ಚಿದಳು.

“ಸಾಲು ತಪ್ಪೋದೇ ಹುಚ್ಚಂತೆ ಕಣೋ. ಡಾಕ್ಟ್ರೇ ಹೇಳಿದ್ರು.”

ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದಳು. ಬರಲಿ, ಹಾಗಾದರೂ ನಾಲ್ಕು ಮಾತಾಡಿದಂತಾಗುತ್ತದೆ ಎಂಬ ಆಸೆಯೂ ಇತ್ತು. ಅವನು ತುತ್ತು ತಟ್ಟೆಯಲ್ಲೇ ಬಿಟ್ಟ.

“ನಿನ್ನ ಕಣ್ಣು ಯಾವತ್ತೂ ತಪ್ಪಿಲ್ಲಕ್ಕ. ನಂಗೆ ಮಾತ್ರ ಇವತ್ತಿಗೂ ನೇರವಾಗೇ ಕಾಣ್ತಿದೆ. ಅಂದ್ಮೇಲೆ ಕೆಟ್ಟಿರೋದು ನನ್ನ ತಲೆನೇ.”

“ಔಷಧಿ ತಗೊಂಡ್ರೆ ಆಯ್ತಪ್ಪ.”

“ಅಷ್ಟರೊಳಗೆ ಒಂದಿನ ಗಾಡಿನ ನಿನ್ನ ಮೇಲೇ ಹತ್ತಿಸಿಬಿಟ್ರೆ?”

ಎದ್ದು ತಟ್ಟೆ ತೊಳೆದಿಟ್ಟು ಹೋದ.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದಿಲ್ಲ. ಕೀಲಿ ಮೇಜಿನ ಮೇಲಿತ್ತು. ಅವನ ಕೋಟು, ಬೂಟು ಇರಲಿಲ್ಲ. ಹಾಲಿನ ವ್ಯಾನಿನವನು ಬಂದು ಕ್ಯಾನು ಎತ್ತುತ್ತಾ ಹೇಳಿದ: “ಮೊದಲನೇ ಬಸ್ಸು ಹತ್ತಿದ ಕಣಕ್ಕ. ಎಲ್ಲಿಗೋ ಅಂದೆ. ಅಕ್ಕನಿಗೆ ನನ್ನಿಂದ ಅಪಾಯ ಆಗದಷ್ಟು ದೂರ ಅಂದ. ಏನಾಯ್ತು ಮನೇಲಿ?”

“ತಲೆ ನೆಟ್ಟಗಿರೋರು ಹೀಗೆ ಹೋಗ್ತಾರಾ?” ಎಂದಳು ಅಕ್ಕ. ಅಂದು ಮೊದಲ ಸಲ ಒಂದೇ ತಟ್ಟೆ ಇಟ್ಟುಕೊಂಡು ಕೂತಳು.

ಭಾನುವಾರ ಡಾಕ್ಟರು ಹೇಳಿದಂತೆಯೇ ಬಂದರು. ರೋಗಿಯೇ ಇಲ್ಲ.

“ಬಂದಿದ್ದಕ್ಕೆ ಅವನು ಉತ್ತಿದ್ದನ್ನಾದ್ರೂ ನೋಡಿ ಡಾಕ್ಟ್ರೇ. ನಾನು ಸುಳ್ಳು ಹೇಳಿಲ್ಲ ಅಂತ ಒಬ್ಬರಿಗಾದ್ರೂ ಗೊತ್ತಾಗ್ಲಿ.”

ಇಬ್ಬರೂ ಹೊಲದ ತುದಿಯಲ್ಲಿ ನಿಂತರು. ಡಾಕ್ಟರು ಕನ್ನಡಕ ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

“ಎಲ್ಲಿ ಡೊಂಕು, ತೋರಿಸಿ.”

“ಇಷ್ಟು ದೊಡ್ಡದು ಕಾಣಲ್ವಾ? ಅಲ್ಲಿ, ನಡುವಲ್ಲಿ.”

“ಆ ಪಕ್ಕದ ಸಾಲು?”

“ಅದೂ ಅಷ್ಟೆ.”

“ಸರಿ. ಅಲ್ಲಿ ಆಚೆಗಿರೋ ಕರೆಂಟ್ ಕಂಬ ಹೇಗಿದೆ?”

“ಅದರ ಸೊಂಟವೂ ಸೊಟ್ಟ. ಎಂಥವರು ನೆಟ್ಟರೋ!”

ಡಾಕ್ಟರು ಹೊಲ ಬಿಟ್ಟು ಅವಳ ಕಣ್ಣುಗಳನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂದರು: “ಅಮ್ಮಾ, ಮೊದಲು ಬಲಗಣ್ಣನ್ನ ಅಂಗೈಯಿಂದ ಮುಚ್ಚಿಕೊಂಡು ನೋಡಿ.”

ಇದೆಂಥ ಆಟ ಎಂದುಕೊಳ್ಳುತ್ತಲೇ ಅಕ್ಕ ಆ ಕಣ್ಣು ಮುಚ್ಚಿಕೊಂಡಳು. ಕಂಬ ನೆಟ್ಟಗೆ ನಿಂತಿತು. ಹೊಲದ ಈ ತುದಿಯಿಂದ ಆ ತುದಿಯವರೆಗೆ, ಒಂದೊಂದು ಸಾಲೂ ಬಿಗಿದ ತಂತಿಯಂತೆ ನೇರವಾಗಿತ್ತು.

ಕೆಟ್ಟಿದ್ದು ಅವಳ ಒಂದು ಕಣ್ಣು. ಹೋದವನು ಅವಳಿಗಿದ್ದ ಒಬ್ಬನೇ ತಮ್ಮ.