ಕೋಣೆಯ ಸದ್ದು

‘ನಿಮ್ಮ ಜೊತೆ ಕೂತಿರ್ತಾರಲ್ಲ, ಆ ಮೂರನೆಯವರು ಯಾಕೆ ಬಾಯೇ ಬಿಡೋಲ್ಲ?’

ಕೇಳುಗನೊಬ್ಬ ಫೋನಿಗೆ ಕಳಿಸಿದ್ದ ದನಿ ಅದು. ಗಡಿಯಾರ ರಿಪೇರಿ ಅವನ ಕಸುಬಂತೆ, ಕೆಲಸ ಮಾಡುತ್ತಲೇ ಪ್ರತಿ ವಾರ ಈ ಅಕ್ಕ-ತಮ್ಮನ ಪಾಡ್‌ಕಾಸ್ಟ್ ಕೇಳುತ್ತಾನಂತೆ. ತಮ್ಮ ಅದನ್ನು ಎರಡು ಸಲ ಹಾಕಿದ. ಮೈಕಿನ ಮುಂದೆ ಕೂತಿದ್ದ ಅಕ್ಕ, ಬಕೆಟ್ಟಿನ ಹಿಡಿಯನ್ನು ತಿರುಗಿಸಿ ನೋಡುತ್ತಿದ್ದವಳು, ತಲೆ ಎತ್ತಲಿಲ್ಲ. ವಾರಕ್ಕೊಂದು ದಿನಬಳಕೆಯ ವಸ್ತು ಹಿಡಿದು, ಅದನ್ನು ಹಾಗೇ ಯಾಕೆ ಮಾಡಿದ್ದಾರೆ ಎಂದು ಹೇಳುವುದು ಅವಳ ಕಾರ್ಯಕ್ರಮ.

‘ಮೂರನೆಯವರು ಎಲ್ಲಿಂದ ಬಂದರೋ? ಮಾತಾಡೋಳು ನಾನು, ಕತ್ತರಿ ಆಡಿಸೋನು ನೀನು.’

‘ಪ್ರತಿ ಕಂತಲ್ಲೂ ಉಸಿರು ಕೇಳುತ್ತಂತೆ ಕಣಕ್ಕ. ಅದೂ ಮೂಗು ಕಟ್ಟಿದವರ ಉಸಿರು.’

‘ದಿನವಿಡೀ ಟಿಕ್ ಟಿಕ್ ಕೇಳೋ ಕಿವಿ. ಇಲ್ಲದ್ದೂ ಕೇಳಿಸುತ್ತೆ, ಬಿಡು.’

ತಮ್ಮ ಬಿಡಲಿಲ್ಲ. ಫ್ಯಾನು ಆರಿಸಿದ, ವೈರು ಬದಲಿಸಿದ, ಹೆಡ್‌ಫೋನ್ ಹಾಕಿಕೊಂಡು ಹಳೆಯ ಕಂತುಗಳನ್ನು ಒಂದೊಂದಾಗಿ ತೆರೆದ. ಇತ್ತು. ಅಕ್ಕನ ಎರಡು ವಾಕ್ಯಗಳ ನಡುವೆ, ಯಾರೋ ಕತ್ತಲಲ್ಲಿ ಒರಗಿ ಕೂತ ಹಾಗೆ, ಸಣ್ಣಗೆ ಎಳೆದುಕೊಳ್ಳುವ ಒಂದು ಉಸಿರು. ಹತ್ತನೆಯ ಕಂತಿನಲ್ಲಿ ಇತ್ತು, ಇಪ್ಪತ್ತರಲ್ಲೂ ಇತ್ತು, ಹೋದ ವಾರದ ಮೂವತ್ತೆಂಟರಲ್ಲೂ ಇತ್ತು. ಅವನಿಗೆ ತಲೆಬುಡ ತಿಳಿಯಲಿಲ್ಲ. ಈ ಕೋಣೆಗೆ ಮೂರನೆಯವರು ಕಾಲಿಡದೆ ಏಳು ತಿಂಗಳಾಗಿತ್ತು.

ಅದಕ್ಕೂ ಮೊದಲು ಮೂಲೆಯ ಸ್ಟೂಲಿನ ಮೇಲೆ ಭಾವ ಕೂರುತ್ತಿದ್ದ. ಗೋಡೆಗೆ ಹಳೆಯ ಹಾಸಿಗೆ ಹೊಡೆದು ಕೋಣೆಯನ್ನು ಹೊರಗಿನ ಸದ್ದಿಗೆ ಕಿವುಡು ಮಾಡಿದ್ದು ಅವನೇ. ಆಮೇಲೆ ಅವನಿಗೆ ಕೆಲಸವಿರಲಿಲ್ಲ. ಸುಮ್ಮನೆ ಕೇಳುತ್ತಿದ್ದ, ಅಕ್ಕ ಅವನ ಮುಖ ನೋಡಿಕೊಂಡು ಮಾತಾಡುತ್ತಿದ್ದಳು. ಕೆಲಸ ಚುರುಕಾಗಲಿ ಎಂದು ತಮ್ಮ ಒಂದು ದಿನ, ಯಾರ್ಯಾರು ಏನೇನು ಮಾಡಬೇಕೆಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ. ಭಾವನ ಹೆಸರಿನ ಮುಂದೆ ಬರೆಯಲು ಏನೂ ಹೊಳೆಯದೆ ಒಂದು ಗೀಟು ಎಳೆದ. ಭಾವ ಓದಿ, ‘ಸರಿಯಾಗೇ ಬರೆದಿದ್ದೀಯಪ್ಪ’ ಎಂದು ನಕ್ಕ. ಮರುದಿನದಿಂದ ಕೋಣೆಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಮನೆಗೂ ಬರಲಿಲ್ಲ. ಗಂಡಹೆಂಡಿರ ನಡುವೆ ಬೇರೆ ಏನೇನಿತ್ತೋ. ಆ ಗೀಟಿಗೂ ಅವನು ಮನೆ ಬಿಟ್ಟಿದ್ದಕ್ಕೂ ಸಂಬಂಧ ಇತ್ತೋ ಇಲ್ಲವೋ, ತಮ್ಮನಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಕೇಳುವ ಧೈರ್ಯವೂ ಬಂದಿರಲಿಲ್ಲ. ಅಕ್ಕನ ಮಾತು ಸ್ವಲ್ಪ ವೇಗವಾಯಿತು, ಅಷ್ಟೇ. ಕೆಲಸ ಬೇಗ ಮುಗಿಯುತ್ತಿತ್ತು. ಸ್ಟೂಲಿನ ಮೇಲೆ ಈಗ ಒಂದು ರಟ್ಟಿನ ಪೆಟ್ಟಿಗೆ: ಭಾವನ ಉಳಿದ ಸಾಮಾನು. ಇವತ್ತು ಸಂಜೆ ಬಂದು ಒಯ್ಯುವವನಿದ್ದ.

ಪೆಟ್ಟಿಗೆ ನೋಡುತ್ತಿದ್ದಾಗಲೇ ತಮ್ಮನಿಗೆ ಹೊಳೆಯಿತು. ತೊದಲಿದ ಮಾತನ್ನು ಕತ್ತರಿಸಿದ ಕಡೆ ಸದ್ದು ಪೂರ್ತಿ ಸತ್ತರೆ, ಕೇಳುವವರ ಕಿವಿ ಮೆಟ್ಟಿಲು ತಪ್ಪಿದ ಕಾಲಿನಂತೆ ಮುಗ್ಗರಿಸುತ್ತದೆ. ಅದಕ್ಕೇ ಎಲ್ಲರೂ ಒಂದು ನಿಮಿಷ ಸುಮ್ಮನಿದ್ದು, ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಂಡು, ಅದರಿಂದ ತೇಪೆ ಹಾಕಬೇಕು. ಪ್ರತಿ ವಾರ ಒಂದೊಂದು ನಿಮಿಷ ಯಾಕೆ ದಂಡ ಎಂದು ಅವನು ಮೊದಲ ದಿನದ ನಿಮಿಷವನ್ನೇ ಎಲ್ಲ ಕಂತಿಗೂ ಹಚ್ಚಿದ್ದ. ಆ ದಿನ ಭಾವನಿಗೆ ನೆಗಡಿ.

ಹೇಳುವುದೋ ಬೇಡವೋ ಎಂದು ಅವನು ಗೊಂದಲದಲ್ಲಿರುವಾಗಲೇ ಅಕ್ಕ ಅವನ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡಳು. ಕೇಳಿದಳು. ಬಕೆಟ್ಟಿನ ಹಿಡಿ ಅವಳ ಕೈಯಲ್ಲೇ ನಿಂತಿತು.

‘ಜೋರು ಮಾಡು.’

‘ತೆಗೆದುಬಿಡ್ತೀನಿ ಅಕ್ಕ. ಹೊಸದಾಗಿ ಒಂದು ನಿಮಿಷ ರೆಕಾರ್ಡ್ ಮಾಡ್ಕೊಳ್ಳೋಣ. ಇಬ್ಬರದೇ.’

‘ನಿಮಿಷ ಮುಗಿದ ಮೇಲೆ ಏನಿದೆ?’

‘ಗೊತ್ತಿಲ್ಲ. ಅಲ್ಲಿಗೇ ಕತ್ತರಿಸಿದ್ದೆ.’

‘ಕತ್ತರಿಸದೇ ಇರೋದನ್ನ ಹಾಕು.’

ಹೆಡ್‌ಫೋನಿನ ವೈರು ಕಿತ್ತು, ಇಬ್ಬರಿಗೂ ಕೇಳುವಂತೆ ಹಾಕಿದ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಆಮೇಲೆ, ಬಿಗಿಹಿಡಿದ ಗಂಟಲಿನಿಂದ ಭಾವನ ದನಿ: ‘ಆಯ್ತೇನ್ರಪ್ಪಾ? ಈಗ ಕೆಮ್ಮಬಹುದಾ?’ ಒಂದು ನಿಮಿಷ ತಡೆದಿಟ್ಟ ಕೆಮ್ಮು ಕಟ್ಟೆಯೊಡೆದು ಬಂತು, ಬೆನ್ನಿಗೇ ಮೂವರ ನಗು. ಎಲ್ಲಕ್ಕಿಂತ ಜೋರಾಗಿದ್ದದ್ದು ಅಕ್ಕನ ನಗು. ಮೂವತ್ತೆಂಟು ಕಂತುಗಳಲ್ಲಿ ಅಂಥ ನಗು ಎಲ್ಲೂ ಇರಲಿಲ್ಲ.

ಅಕ್ಕ ಎದ್ದು ಹೋಗಿ ಸ್ಟೂಲಿನ ಮೇಲಿದ್ದ ಪೆಟ್ಟಿಗೆ ಎತ್ತಿಕೊಂಡಳು. ಒಯ್ಯುವವನ ಕೈಗೆ ಕೊಡಲೆಂದೇ ಎತ್ತಿದಳೋ, ಮತ್ತೆ ಯಾತಕ್ಕೋ, ತಮ್ಮನಿಗೆ ಅರ್ಥವಾಗಲಿಲ್ಲ.

‘ಬಕೆಟ್ಟಿಂದು ಈಗ ಬೇಡ,’ ಅಂದಳು. ‘ಸಂಜೆ ಆರಕ್ಕೆ ರೆಕಾರ್ಡ್ ಮಾಡೋಣ.’

‘ಆರಕ್ಕೆ ಭಾವ ಬರ್ತಾರಲ್ಲ?’

ಅಕ್ಕ ಪೆಟ್ಟಿಗೆಯನ್ನು ಸೊಂಟಕ್ಕೆ ಸರಿಸಿಕೊಂಡು, ಸ್ಟೂಲಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದಳು.