ಅಂಗಳದಲ್ಲಿ ಮಲಗಿದ್ದ ಮತ

ನೈಜಲ್ ಪೆಥರಿಕ್ ಅಷ್ಟು ಸುಲಭಕ್ಕೆ ಒಪ್ಪಿಕೊಂಡದ್ದೇ ಡಿಲಿಸ್‌ಗೆ ಅನುಮಾನ ತರಿಸಿತು.

"ನೋಡ್ಕೊಂಡು ಬಂದೆ. ಮುದುಕಪ್ಪ ಗಟ್ಟಿಯಾಗೇ ಇದಾನೆ. ನಿನ್ನ ಲೆಕ್ಕಕ್ಕೆ ಸೇರಿಸ್ಕೋ ಮಾರಾಯ್ತಿ," ಎಂದ, ಕೋಟಿನ ಮೇಲಿನ ಮಳೆಹನಿ ಕೊಡವುತ್ತ.

ಡಿಲಿಸ್ ಪ್ರೊಬರ್ಟ್ ಆಳುವ ಪಕ್ಷದ ಸಚೇತಕಿ. ತನ್ನವರನ್ನು ಹೊತ್ತಿಗೆ ಸರಿಯಾಗಿ ಮತಕ್ಕೆ ಅಟ್ಟಿಕೊಂಡು ಬರುವುದು ಅವಳ ಕೆಲಸ. ವಿರೋಧ ಪಕ್ಷದಲ್ಲಿ ನೈಜಲ್‌ನದೂ ಅದೇ ಕೆಲಸ. ಅವನ ಪಕ್ಷ ತಂದ ಅವಿಶ್ವಾಸ ನಿರ್ಣಯ ಇನ್ನೇನು ಮತಕ್ಕೆ ಬೀಳಲಿತ್ತು. ಒಂದು ಮತ ಕಡಿಮೆಯಾದರೆ ಸರ್ಕಾರ ಉರುಳುತ್ತದೆ, ಚುನಾವಣೆ ಬರುತ್ತದೆ. ಆ ಒಂದು ಮತ ವೆಸ್ಟ್‌ಮಿನ್‌ಸ್ಟರ್ ಸಂಸತ್ ಭವನದ ಅಂಗಳದಲ್ಲಿ ಆಂಬುಲೆನ್ಸಿನೊಳಗೆ ಮಲಗಿತ್ತು. ಅದರ ಹೆಸರು ವಿಲ್ಫ್ರೆಡ್ ಥ್ವೇಟ್, ಅವಳ ಪಕ್ಷದ ಕಾಯಿಲೆಬಿದ್ದ ಹಿರಿಯ ಸದಸ್ಯ.

ಎದ್ದು ಬರಲಾಗದ ಸದಸ್ಯ ಅಂಗಳದೊಳಗೆ ಜೀವಂತವಾಗಿದ್ದರೆ ಸಾಕು, ಮತ ಎಣಿಕೆಗೆ ಬರುತ್ತದೆ. ಎದುರು ಪಕ್ಷದ ಸಚೇತಕ ಹೋಗಿ ನೋಡಿ ಹೂಂ ಅನ್ನಬೇಕು. ಅವನ ಮಾತೇ ಪ್ರಮಾಣ. ಸಹಿಯಿಲ್ಲ, ಸಾಕ್ಷಿಯಿಲ್ಲ.

ಅದೇ ಅವಳನ್ನು ಕೊರೆಯುತ್ತಿತ್ತು. ನೈಜಲ್ ಯಾವತ್ತೂ ಏನನ್ನೂ ಪುಕ್ಕಟೆ ಕೊಟ್ಟವನಲ್ಲ. ಹಿಂದೊಮ್ಮೆ ಕಾಲು ಮುರಿದುಕೊಂಡವನೊಬ್ಬ ಬಂದಾಗ ಪ್ಲಾಸ್ಟರನ್ನೂ ತಟ್ಟಿ ನೋಡಿದ್ದ.

"ಮಾತಾಡಿದ್ನಾ?"

"ನಿದ್ದೆ ಹತ್ತಿದೆ. ಎಬ್ಬಿಸ್ಬೇಡ, ಪಾಪ."

ಪಾಪ! ಆ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಕ್ಯಾಂಟೀನಿನ ಬಾಗಿಲು ದಾಟುವಾಗ ಒಳಗೆ ಆಂಬುಲೆನ್ಸಿನ ಚಾಲಕ ಕಂಡ. ಮಾಂಸದ ಪೈ ತಿನ್ನುತ್ತಿದ್ದ.

"ರೋಗಿನ ಬಿಟ್ಟು ಇಲ್ಲೇನ್ರೀ ಮಾಡ್ತಿದೀರಿ?"

"ರೋಗಿನ ನೋಡೋಕ್ ಬಂದಿದ್ರಲ್ಲ, ಆ ಎತ್ತರದ ಸಾಹೇಬ್ರೇ ಕಳ್ಸಿದ್ರು ಮೇಡಂ. ಬಿಸಿಬಿಸಿ ಏನಾದ್ರೂ ತಿಂದು ಬಾ, ನಾನ್ ಕೂತಿರ್ತೀನಿ ಅಂದ್ರು."

ಸಾಹೇಬರು ಅಲ್ಲಿ ಕೂತಿರಲಿಲ್ಲ, ಇಲ್ಲೇ ಓಡಾಡಿಕೊಂಡಿದ್ದರು. ಡಿಲಿಸ್‌ಗೆ ಎಲ್ಲ ನಿಚ್ಚಳವಾಯಿತು. ಅವನು ನೋಡಿದ್ದಕ್ಕೆ ಇದ್ದ ಒಬ್ಬನೇ ಸಾಕ್ಷಿಯನ್ನೂ ದೂರ ಕಳಿಸಿದ್ದಾನೆ. ಎಣಿಕೆ ಮುಗಿದ ಮೇಲೆ ಎದ್ದು ನಿಂತು, ನಾನು ನೋಡಿಯೇ ಇಲ್ಲ, ಹೂಂ ಅಂದೇ ಇಲ್ಲ ಎನ್ನುತ್ತಾನೆ. ವಿಲ್ಫ್ರೆಡ್‌ನ ಮತ ಬಿದ್ದುಹೋಗುತ್ತದೆ. ಅದರ ಹಿಂದೆಯೇ ಸರ್ಕಾರ.

ಮತದ ಗಂಟೆ ಹೊಡೆಯಿತು. ಅವಳು ಸಭೆಯ ಅಧಿಕಾರಿ ಗಿಲ್‌ಕ್ರಿಸ್ಟ್‌ರನ್ನು ಕರೆದುಕೊಂಡು ಬಂದು ನೈಜಲ್‌ನ ತೋಳು ಹಿಡಿದಳು.

"ಬಾ. ಇವರೆದುರಿಗೆ ಇನ್ನೊಂದ್ ಸಲ ನೋಡಿ ಹೇಳು."

"ಹುಚ್ಚಾ ನಿಂಗೆ? ಹೂಂ ಅಂದಿದೀನಲ್ಲ!"

"ನಿನ್ನ ಹೂಂನ ನಿಮ್ಮನೆ ನಾಯೀನೂ ನಂಬಲ್ಲ."

"ಡಿಲಿಸ್, ಕೈ ಮುಗೀತೀನಿ. ಇದೊಂದು ಸಲ ನಂಬು."

ಅವನ ಮುಖ ಬಿಳಿಚಿಕೊಂಡಿತ್ತು. ಸಿಕ್ಕಿಬಿದ್ದ ಕಳ್ಳನ ಮುಖ, ಅಂದುಕೊಂಡಳು. ಅಂಗಳದವರೆಗೂ ತೋಳು ಬಿಡಲಿಲ್ಲ.

ಆಂಬುಲೆನ್ಸಿನಲ್ಲಿ ವಿಲ್ಫ್ರೆಡ್ ಗಲ್ಲದವರೆಗೆ ಕಂಬಳಿ ಹೊದ್ದು ಮಲಗಿದ್ದ. ಆಂಬುಲೆನ್ಸ್ ಬಂದು ನಿಂತಾಗ ಮಲಗಿದ್ದಲ್ಲಿಂದಲೇ ಡಿಲಿಸ್‌ಗೆ ಕಣ್ಣು ಹೊಡೆದು ನಕ್ಕಿದ್ದ ಮುದುಕ. ಗಿಲ್‌ಕ್ರಿಸ್ಟ್ ಬಗ್ಗಿ ಕುತ್ತಿಗೆಯ ನಾಡಿಗೆ ಬೆರಳಿಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದರು.

"ಹೋಗಿ ಆಗಲೇ ಹೊತ್ತಾಗಿದೆ ಮೇಡಂ. ನಾನು ನೋಡಿಬಿಟ್ಟೆ. ಇನ್ನು ಈ ಮತ ಎಣಿಸೋ ಹಾಗಿಲ್ಲ."

ಫಲಿತಾಂಶದ ಕೇಕೆ ಅಂಗಳದವರೆಗೂ ಕೇಳಿಸಿತು. ಸರ್ಕಾರ ಒಂದು ಮತದಿಂದ ಬಿದ್ದಿತ್ತು. ಡಿಲಿಸ್ ಮಳೆಯಲ್ಲೇ ನಿಂತಿದ್ದಳು. ನೈಜಲ್ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.

"ಸತ್ತಿದಾನೆ ಅಂತ ಗೊತ್ತಿತ್ತಲ್ಲ ನಿಂಗೆ," ಎಂದಳು. "ಒಂದು ಮಾತು ಹೇಳಿದ್ರೆ ಆಗಲೇ ಗೆದ್ದಿರ್ತಿದ್ರಿ. ಯಾಕೆ ಮುಚ್ಚಿಟ್ಟೆ?"

"ಗೆಲ್ಲೋಕೆ ಅಂತ ಯಾರು ನಿರ್ಣಯ ತಂದಿದ್ರು ಡಿಲಿಸ್? ಈಗ ಚುನಾವಣೆಗೆ ಹೋದ್ರೆ ನಮ್ಮ ನಾಯಕನಿಗೆ ಅವನ ಹೆಂಡ್ತೀನೂ ವೋಟ್ ಹಾಕಲ್ಲ."